ಬೇಸಿಗೆ ಬೆಂಕಿಯಿಂದ ಊರು, ತಾಂಡಾ ಉಳಿಸಲು ಹಣ ತರುವುದು ಹೇಗೆ? ಕಲಬುರಗಿ ಭಾಗದ ಹಳ್ಳಿಗಳಿಗೊಂದು ಸಮಗ್ರ ಮಾರ್ಗದರ್ಶಿ

"ಬೆಂಕಿ ತಡೆಯೋ ಕೆಲಸಕ್ಕೆ ಹಣ ಕೊಡಿ" ಅಂತ ಗ್ರಾಮ ಪಂಚಾಯಿತಿಗೆ ಹೋಗಿ ಕೇಳಿ ನೋಡಿ. ಬಹುತೇಕ ಕಡೆ ಒಂದೇ ಉತ್ತರ: "ಅದಕ್ಕೆ ಹೆಡ್ ಇಲ್ಲ ರೀ." ಪಿಡಿಒ ಸುಳ್ಳು ಹೇಳುತ್ತಿರುವುದಿಲ್ಲ. ಪಂಚಾಯಿತಿಯ ಕ್ರಿಯಾ ಯೋಜನೆಯಲ್ಲಿ ಬೆಂಕಿಗೆ ಅಂತಲೇ ಒಂದು ಹೆಡ್, ಅಂದರೆ ಖರ್ಚಿನ ಸಾಲು, ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಕುಡಿಯುವ ನೀರಿಗೆ ಇದೆ. ಕಸಕ್ಕೆ ಇದೆ. ರಸ್ತೆಗೆ, ಕೆರೆ ಹೂಳಿಗೆ, ಮನೆಗಳಿಗೆ ಇದೆ. ಬೆಂಕಿ ತಡೆಯುವ ಕೆಲಸ ಅಂದರೆ ಇವೇ ಕೆಲಸಗಳು, ಸರಿಯಾದ ಜಾಗದಲ್ಲಿ, ಸರಿಯಾದ ತಿಂಗಳಲ್ಲಿ.

ಹಾಗಾಗಿ ಈ ಬರಹದ ಸಲಹೆ ಇಷ್ಟೇ. ಬೆಂಕಿ ಅಂತ ಒಂದೇ ದೊಡ್ಡ ಅರ್ಜಿ ಕೊಡಬೇಡಿ. ಕೆಲಸವನ್ನು ತುಂಡು ಮಾಡಿ. ಒಂದೊಂದು ತುಂಡಿಗೂ ಈಗಾಗಲೇ ಇರುವ ಒಂದೊಂದು ಹೆಡ್ ಹುಡುಕಿ. ಉಳಿದ ಚೂರುಪಾರು ಖರ್ಚಿಗೆ ಊರಲ್ಲೇ ಪಟ್ಟಿ, ಅಂದರೆ ವಂತಿಗೆ, ಎತ್ತಿ. ಅದನ್ನು ಹೇಗೆ ಮಾಡುವುದು ಅಂತ ಒಂದೊಂದಾಗಿ ನೋಡೋಣ.

ಮೊದಲು ಕ್ಯಾಲೆಂಡರ್ ನೋಡಿ

ನಮ್ಮ ಕಡೆ ಬೆಂಕಿಯ ಕಾಲ ಫೆಬ್ರವರಿಯಿಂದ ಮೇ. ಸರ್ಕಾರದ ಹಣದ ವರ್ಷ ಏಪ್ರಿಲ್‌ನಿಂದ ಮಾರ್ಚ್. ಇವೆರಡೂ ಒಂದಕ್ಕೊಂದು ಹೊಂದುವುದೇ ಇಲ್ಲ. ಮಾರ್ಚ್‌ನಲ್ಲಿ ಬಣವೆ ಸುಟ್ಟಾಗ ಊರವರು ಪಂಚಾಯಿತಿ ಮುಂದೆ ಸೇರುತ್ತಾರೆ. ಆ ಹೊತ್ತಿಗೆ ಆ ವರ್ಷದ ಹಣ ಖರ್ಚಾಗಿರುತ್ತದೆ. ಮುಂದಿನ ವರ್ಷದ ಪಟ್ಟಿಯೂ ಹೆಚ್ಚುಕಡಿಮೆ ತಯಾರಾಗಿರುತ್ತದೆ. ಸಿಟ್ಟು ಸರಿ, ತಿಂಗಳು ತಪ್ಪು.

ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯನ್ನು ನಮ್ಮ ರಾಜ್ಯದಲ್ಲಿ 'ನಮ್ಮ ಗ್ರಾಮ ನಮ್ಮ ಯೋಜನೆ' ಅಂತಾರೆ. ಅದರ ತಯಾರಿ ಅಕ್ಟೋಬರ್ 2ರ ಆಸುಪಾಸಿಗೆ ಶುರುವಾಗುತ್ತದೆ. ವಾರ್ಡ್ ಸಭೆ, ಆಮೇಲೆ ಗ್ರಾಮ ಸಭೆ, ಕೊನೆಗೆ ಇ-ಗ್ರಾಮಸ್ವರಾಜ್ ಪೋರ್ಟಲ್‌ಗೆ ಪಟ್ಟಿ ಏರಿಸುತ್ತಾರೆ. ನಿಮ್ಮ ಕೆಲಸ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಆಮೇಲೆ ಸೇರಿಸುವುದು ಬಹಳ ಕಷ್ಟ. ಆದ್ದರಿಂದ ಊರು ಸುತ್ತಿ ನೋಡುವ ಕೆಲಸ ಸೆಪ್ಟೆಂಬರ್ ಒಳಗೆ ಮುಗಿಯಲಿ. ಅಕ್ಟೋಬರ್‌ನಲ್ಲಿ ಬೇಡಿಕೆ ಇಡಿ. ಅದು ಮುಂದಿನ ಏಪ್ರಿಲ್‌ನಿಂದ ಬರುವ ಹಣಕ್ಕೆ.

ಹಾಗಾದರೆ ಎದುರಿಗಿರುವ ಈ ಬೇಸಿಗೆಗೆ? ಅದಕ್ಕೆ ಎರಡೇ ದಾರಿ. ಪಂಚಾಯಿತಿಯ ಸ್ವಂತ ನಿಧಿ ಒಂದು, ಊರ ವಂತಿಗೆ ಇನ್ನೊಂದು. ಎರಡರ ಬಗ್ಗೆಯೂ ಮುಂದೆ ಹೇಳಿದ್ದೇನೆ.

ಬೆಂಕಿ ಎಲ್ಲಿಂದ ಬರುತ್ತದೆ ಅಂತ ಬರೆದಿಡಿ

ಎಂಜಿನಿಯರ್ ಬೇಡ, ಆಪ್ ಬೇಡ. ಒಂದು ದೊಡ್ಡ ಹಾಳೆ, ಎರಡು ಬಣ್ಣದ ಪೆನ್ನು, ಜೊತೆಗೆ ಊರಿನ ನೀರಗಂಟಿ, ಲೈನ್‌ಮ್ಯಾನ್, ಒಬ್ಬ ಕುರಿಗಾಹಿ, ಸ್ವಸಹಾಯ ಸಂಘದ ಇಬ್ಬರು ಹೆಂಗಸರು. ಇಷ್ಟು ಜನ ಒಂದು ಮುಂಜಾನೆ ಊರು ಸುತ್ತಿದರೆ ಸಾಕು. ಕುರಿಗಾಹಿಯನ್ನು ಬಿಡಬೇಡಿ. ಯಾವ ಹುಲ್ಲುಗಾವಲು ಯಾವಾಗ ಹೊತ್ತುತ್ತದೆ, ಯಾರು ಹಚ್ಚುತ್ತಾರೆ ಅನ್ನೋದು ಅವನಿಗೆ ಗೊತ್ತಿರುವಷ್ಟು ಯಾವ ಆಫೀಸಿಗೂ ಗೊತ್ತಿರುವುದಿಲ್ಲ.

ಏನೇನು ಗುರುತಿಸಬೇಕು? ಮನೆಗಳ ನಡುವೆಯೇ ಇರುವ ಜೋಳದ ಕಣಕಿ ಬಣವೆಗಳು. ಅಟ್ಟದ ಪಕ್ಕ ಪೇರಿಸಿಟ್ಟ ತೊಗರಿ ಕಟ್ಟಿಗೆ. ಬೀದರ್ ಕಡೆಯಾದರೆ ಸೋಯಾ ಹೊಟ್ಟಿನ ರಾಶಿ. ಆಳಂದ, ಅಫಜಲಪುರ, ಭಾಲ್ಕಿ ಕಡೆ ಕಬ್ಬು ಕಡಿದ ಮೇಲೆ ಉಳಿಯುವ ರವದಿ. ಊರ ಬಾಗಿಲಲ್ಲೇ ಹೊಗೆಯಾಡುವ ತಿಪ್ಪೆ. ಟಿಸಿ (ಟ್ರಾನ್ಸ್‌ಫಾರ್ಮರ್) ಕೆಳಗೆ ಬೆಳೆದ ಒಣಹುಲ್ಲು. ಜೋತುಬಿದ್ದ ಕರೆಂಟ್ ತಂತಿ. ಹುಲ್ಲಿನ ಚಾವಣಿಯ ಗುಡಿಸಲುಗಳು.

ಚಿಂಚೋಳಿ ತಾಲ್ಲೂಕಿನವರಿಗೆ ಇನ್ನೊಂದು ಗಡಿ ಇದೆ, ಕಾಡಿನದು. ಅಲ್ಲಿನ ವನ್ಯಜೀವಿ ಧಾಮ 2011ರಲ್ಲಿ ಘೋಷಣೆಯಾಯಿತು. ಸುಮಾರು 135 ಚದರ ಕಿಲೋಮೀಟರ್. ಎಲೆ ಉದುರಿಸುವ ಒಣ ಕಾಡು. ಫೆಬ್ರವರಿ ಹೊತ್ತಿಗೆ ನೆಲದ ತುಂಬ ಒಣ ಎಲೆ. ಕೊಂಚಾವರಂ ಕಡೆಯ ತಾಂಡಾಗಳು ಈ ಕಾಡಿಗೆ ಅಂಟಿಕೊಂಡೇ ಇವೆ. ಬೀದರ್‌ನಲ್ಲಿ ಜಂಬಿಟ್ಟಿಗೆ ಕಲ್ಲಿನ ಬಯಲ ಮೇಲೆ ಹುಲ್ಲುಗಾವಲು. ಯಾದಗಿರಿಯಲ್ಲಿ ಗುರುಮಠಕಲ್, ಶಹಾಪುರದ ಗುಡ್ಡದ ಸಾಲುಗಳು. ಹೊಸ ಹುಲ್ಲು ಚಿಗುರಲಿ ಅಂತ ಹಚ್ಚಿದ ಬೆಂಕಿ, ಸುಮ್ನೆ ಬಿಸಾಡಿದ ಬೀಡಿ, ಹೊಲದ ಬದುವಿಗೆ ಹಚ್ಚಿ ಮನೆಗೆ ಬಂದಿದ್ದು. ಬಹುತೇಕ ಬೆಂಕಿ ಹೀಗೇ ಮನುಷ್ಯರ ಕೈಯಿಂದ ಬರುತ್ತದೆ.

ಕಳೆದ ವರ್ಷಗಳಲ್ಲಿ ಎಲ್ಲೆಲ್ಲಿ ಹೊತ್ತಿತ್ತು ಅಂತ ಕೆಂಪು ಪೆನ್ನಿನಲ್ಲಿ ಹಾಕಿ. ನೀರು ಎಲ್ಲಿದೆ ಅಂತ ನೀಲಿಯಲ್ಲಿ: ಓವರ್‌ಹೆಡ್ ಟ್ಯಾಂಕ್, ಬಾವಿ, ಕೃಷಿ ಹೊಂಡ, ಗೋಕಟ್ಟೆ. ಕೆಂಪಿಗೂ ನೀಲಿಗೂ ನಡುವೆ ಗಾಡಿ ಓಡಾಡುವ ದಾರಿ ಇದೆಯಾ ಅಂತ ನೋಡಿ. ತಾಲ್ಲೂಕು ಕೇಂದ್ರದಿಂದ ಅಗ್ನಿಶಾಮಕ ಗಾಡಿ ಬಂದರೂ ಓಣಿಯೊಳಗೆ ನುಗ್ಗಲಾಗದೆ ನಿಂತರೆ ಏನು ಪ್ರಯೋಜನ?

ಈ ಹಾಳೆಯ ಫೋಟೊ ತೆಗೆದಿಡಿ. ಮುಂದಿನ ಪ್ರತಿಯೊಂದು ಅರ್ಜಿಗೂ ಇದನ್ನೇ ಲಗತ್ತಿಸುವುದು.

ಕೆಲಸ ತುಂಡು ಮಾಡಿ, ಹೆಡ್ ಹುಡುಕಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಹಣ ಸಿಗುವುದೂ ಸಿಗದಿರುವುದೂ ಇಲ್ಲೇ ನಿರ್ಧಾರವಾಗುತ್ತದೆ.

*ನೀರು.* ಊರಿನ ಓವರ್‌ಹೆಡ್ ಟ್ಯಾಂಕಿನ ಬುಡದಲ್ಲಿ ಒಂದು ದೊಡ್ಡ ವಾಲ್ವ್ ಕೂರಿಸಿ. ಅಗ್ನಿಶಾಮಕದವರ ಪೈಪಿನ ಕಪ್ಲಿಂಗ್ ನಮ್ಮ ದೇಶದಲ್ಲಿ ಸಾಮಾನ್ಯವಾಗಿ 63 ಮಿಲಿಮೀಟರ್. ಅದೇ ಅಳತೆಯ ಬಾಯಿ ಇಟ್ಟರೆ ಗಾಡಿ ಅಲ್ಲೇ ನೀರು ತುಂಬಿಕೊಳ್ಳುತ್ತದೆ. ಊರ ಟ್ರ್ಯಾಕ್ಟರ್ ಟ್ಯಾಂಕರ್ ಕೂಡ ತುಂಬಬಹುದು. ಮಧ್ಯಾಹ್ನ ಕರೆಂಟ್ ಇಲ್ಲದಿದ್ದರೂ ಚಿಂತೆ ಇಲ್ಲ, ನೀರು ತಾನಾಗಿ ಇಳಿಯುತ್ತದೆ. ಇಡೀ ಪಟ್ಟಿಯಲ್ಲಿ ಕಡಿಮೆ ಖರ್ಚಿನಲ್ಲಿ ಜಾಸ್ತಿ ಉಪಯೋಗ ಇರುವುದು ಇದೇ ಅಂತ ನನ್ನ ಅನಿಸಿಕೆ. ವಾಲ್ವ್ ಕೂರಿಸುವ ಮುಂಚೆ ಹತ್ತಿರದ ಅಗ್ನಿಶಾಮಕ ಠಾಣೆಗೆ ಹೋಗಿ ಅಳತೆ ಕೇಳಿಕೊಂಡು ಬನ್ನಿ. ಠಾಣಾಧಿಕಾರಿಯಿಂದ ಒಂದು ಪತ್ರವನ್ನೂ ತನ್ನಿ.

ಹಣ ಎಲ್ಲಿಂದ? ಹಣಕಾಸು ಆಯೋಗದ ಅನುದಾನದಿಂದ. 2021ರಿಂದ 2026ರ ಮಾರ್ಚ್ ತನಕದ 15ನೇ ಆಯೋಗದ ಹಣದಲ್ಲಿ ಶೇ 60 ನಿರ್ಬಂಧಿತ: ಅರ್ಧ ನೈರ್ಮಲ್ಯಕ್ಕೆ, ಅರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹಕ್ಕೆ. ಉಳಿದ ಶೇ 40 ಊರಿನ ಅಗತ್ಯಕ್ಕೆ ತಕ್ಕಂತೆ, ಸಂಬಳ ಮತ್ತು ಕಚೇರಿ ಖರ್ಚಿಗೆ ಬಿಟ್ಟು. 2026ರ ಏಪ್ರಿಲ್‌ನಿಂದ 16ನೇ ಆಯೋಗದ ಅವಧಿ. ನೀವು ಅರ್ಜಿ ಕೊಡುವ ವರ್ಷ ಯಾವ ಪಾಲು ಯಾವುದಕ್ಕೆ ಅಂತ ಪಿಡಿಒ ಬಳಿ ಸುತ್ತೋಲೆ ಕೇಳಿ ಓದಿ. ಬೇಡಿಕೆಯಲ್ಲಿ 'ಬೆಂಕಿ ವಾಲ್ವ್' ಅಂತ ಬರೆಯಬೇಡಿ. 'ಓವರ್‌ಹೆಡ್ ಟ್ಯಾಂಕ್ ದುರಸ್ತಿ ಮತ್ತು ತುರ್ತು ನೀರು ಪೂರೈಕೆ ವಾಲ್ವ್ ಅಳವಡಿಕೆ' ಅಂತ ಬರೆಯಿರಿ. ಇದರಲ್ಲಿ ಮೋಸ ಏನೂ ಇಲ್ಲ. ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ತುಂಬುವುದಕ್ಕೂ ಅದೇ ವಾಲ್ವ್ ಬೇಕು, ಅಲ್ವಾ?

*ಕಸ.* ಊರಂಚಿನ ತಿಪ್ಪೆಗೆ ಬೆಂಕಿ ಹಚ್ಚುವುದು ನಮ್ಮಲ್ಲಿ ರೂಢಿಯೇ ಆಗಿಬಿಟ್ಟಿದೆ. ಗಾಳಿ ಎದ್ದಾಗ ಅಲ್ಲಿಂದಲೇ ಕಿಡಿ ಹಾರುವುದು. ಕಸದ ಜಾಗವನ್ನು ಮನೆ, ಬಣವೆಗಳಿಂದ ದೂರ ಸರಿಸುವುದು, ಸುತ್ತ ತಂತಿ ಬೇಲಿ ಹಾಕುವುದು, ಗೊಬ್ಬರದ ಗುಂಡಿ ತೋಡುವುದು ಎಲ್ಲವೂ ನೈರ್ಮಲ್ಯದ ಪಾಲಿನಲ್ಲಿ ಬರುತ್ತವೆ.

*ಬೆಂಕಿ ಪಟ್ಟಿ ಮತ್ತು ಹೊಂಡ.* ಊರಿಗೂ ಹುಲ್ಲುಗಾವಲಿಗೂ ನಡುವೆ ಬರಿ ಮಣ್ಣಿನ ಅಗಲ ಪಟ್ಟಿ ಇದ್ದರೆ ನೆಲದ ಬೆಂಕಿ ಅಲ್ಲಿಗೆ ನಿಲ್ಲುತ್ತದೆ. ಕಪ್ಪು ಮಣ್ಣಿನಲ್ಲಿ ಟ್ರ್ಯಾಕ್ಟರ್ ಕುಂಟೆ ಹೊಡೆದರೂ ಆದೀತು. ಆದರೆ ಮಳೆಗಾಲ ಮುಗಿದ ಮೇಲೆ, ಹುಲ್ಲು ಒಣಗುವ ಮುಂಚೆ ಒಮ್ಮೆ, ಮತ್ತೆ ಫೆಬ್ರವರಿಯಲ್ಲಿ ಒಮ್ಮೆ ಹೊಡೆಯಬೇಕು. ಒಮ್ಮೆ ಹೊಡೆದು ಬಿಟ್ಟರೆ ಮತ್ತೆ ಹುಲ್ಲು ಬರುತ್ತದೆ. ಟ್ರ್ಯಾಕ್ಟರ್ ಬಾಡಿಗೆಗೆ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ವಿಚಾರಿಸಿ, ಹೊರಗಿನ ದರಕ್ಕಿಂತ ಕಡಿಮೆ ಸಿಗಬಹುದು.

ಕಂದಕ, ಗೋಕಟ್ಟೆ, ಕೃಷಿ ಹೊಂಡ, ನಾಲಾ ಹೂಳು, ಇವೆಲ್ಲ ಉದ್ಯೋಗ ಖಾತ್ರಿಯ ಹಳೆಯ ಕೆಲಸಗಳು. ಕಾಡಂಚಿನಲ್ಲಿ ತೋಡುವ ಕಂದಕ ಮಳೆನೀರು ಹಿಡಿಯುತ್ತದೆ, ಬೇಸಿಗೆಯಲ್ಲಿ ಬೆಂಕಿಗೂ ಅಡ್ಡ ಬರುತ್ತದೆ. 2005ರ ಖಾತ್ರಿ ಕಾಯ್ದೆಯ ಜಾಗಕ್ಕೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಹೊಸ ಕಾಯ್ದೆಗೆ ಒಪ್ಪಿಗೆ ಕೊಟ್ಟಿದೆ. ಹಾಗಾಗಿ ಹಳೆಯ ಕಾಮಗಾರಿ ಪಟ್ಟಿ ನಂಬಿಕೊಂಡು ಕೂರಬೇಡಿ. ಈ ವರ್ಷದ ಪಟ್ಟಿಯನ್ನೇ ಕೈಯಲ್ಲಿ ಹಿಡಿದು ಕೇಳಿ.

*ಕರೆಂಟ್ ತಂತಿ.* ಇದಕ್ಕೆ ಪಂಚಾಯಿತಿ ಹಣ ಖರ್ಚು ಮಾಡಲೇಬೇಡಿ. ಇದು ನಮ್ಮ ಕಡೆಯ ವಿದ್ಯುತ್ ಕಂಪನಿ ಜೆಸ್ಕಾಂ ಕೆಲಸ, ಅವರ ಖರ್ಚು. ಹೊಲದ ಮೇಲೆ ಹಾದುಹೋಗುವ 11 ಕೆವಿ ತನಕದ ಬರಿ ತಂತಿ ನೆಲದಿಂದ ಕನಿಷ್ಠ 4.6 ಮೀಟರ್ ಎತ್ತರದಲ್ಲಿರಬೇಕು ಅನ್ನುವುದು ಸುರಕ್ಷತಾ ನಿಯಮ. ರಸ್ತೆ ದಾಟುವಲ್ಲಿ ಇನ್ನೂ ಜಾಸ್ತಿ. ಕಬ್ಬಿನ ಗದ್ದೆಯ ಮೇಲೆ ತಂತಿಗೆ ತಂತಿ ತಾಗಿ ಕಿಡಿ ಬೀಳುವುದು ಯಾರಿಗೆ ಗೊತ್ತಿಲ್ಲ? 1912ಕ್ಕೆ ಫೋನ್ ಮಾಡಿ ದೂರು ಸಂಖ್ಯೆ ಪಡೆಯಿರಿ. ಅದರ ಜೊತೆ ಶಾಖಾ ಕಚೇರಿಗೆ ಲಿಖಿತ ಅರ್ಜಿ, ಕಂಬದ ಸಂಖ್ಯೆ, ಫೋಟೊ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಸ್ವೀಕೃತಿ ಇಲ್ಲದ ಅರ್ಜಿ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ. ನಾಳೆ ಅದೇ ತಂತಿಯಿಂದ ಬೆಳೆ ಸುಟ್ಟರೆ ಪರಿಹಾರ ಕೇಳಲು ನಿಮ್ಮ ಕೈಯಲ್ಲಿ ಇರುವುದು ಆ ಚೀಟಿ ಮಾತ್ರ.

*ಗುಡಿಸಲು.* ಹುಲ್ಲಿನ ಚಾವಣಿಯ ಮನೆಗೆ ಎಷ್ಟು ಬೆಂಕಿ ಪಟ್ಟಿ ಹೊಡೆದರೂ ಒಂದು ಕಿಡಿ ಸಾಕು. ಅಲ್ಲಿ ನಿಜವಾದ ಬೆಂಕಿ ತಡೆ ಅಂದರೆ ಗಟ್ಟಿ ಚಾವಣಿ. ಬಸವ ವಸತಿ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ ಯೋಜನೆಯ ಫಲಾನುಭವಿಗಳ ಆಯ್ಕೆ ನಡೆಯುವುದು ಗ್ರಾಮ ಸಭೆಯಲ್ಲಿ. ನಿಮ್ಮ ನಕ್ಷೆಯಲ್ಲಿ ಕೆಂಪು ಗುರುತಿರುವ ಗುಡಿಸಲುಗಳ ಪಟ್ಟಿಯನ್ನು ಸಭೆಯ ಮುಂದೆ ಓದಿ, ಅವರಿಗೆ ಆದ್ಯತೆ ಕೊಡಲು ಠರಾವು ಮಾಡಿಸಿ. ಲಂಬಾಣಿ ತಾಂಡಾಗಳಿಗೆ ಇನ್ನೂ ಎರಡು ಬಾಗಿಲುಗಳಿವೆ. ಒಂದು, 2013ರ ಕಾಯ್ದೆಯ ಪ್ರಕಾರ ಪರಿಶಿಷ್ಟ ಜಾತಿ, ಪಂಗಡಗಳಿಗೆ ಮೀಸಲಿಡುವ ಹಣ. ಇನ್ನೊಂದು, ಕರ್ನಾಟಕ ತಾಂಡಾ ಅಭಿವೃದ್ಧಿ ನಿಗಮ. ತಾಂಡಾದ ಒಳರಸ್ತೆ, ನೀರಿನ ಟ್ಯಾಂಕಿನಂಥ ಕೆಲಸಕ್ಕೆ ಇಲ್ಲಿ ಕೇಳಬಹುದು.

*ತೊಗರಿ ಕಟ್ಟಿಗೆ, ಕಣಕಿ.* ಸುಡುವ ಬದಲು ಕತ್ತರಿಸಿ ಮೇವು, ಗೊಬ್ಬರ ಮಾಡಿದರೆ ಊರಲ್ಲಿ ಉರಿಯುವ ಸಾಮಾನೇ ಕಡಿಮೆಯಾಗುತ್ತದೆ. ಮೇವು ಕತ್ತರಿಸುವ ಯಂತ್ರ, ಎಚ್‌ಟಿಪಿ ಸ್ಪ್ರೇಯರ್‌ಗೆ ರೈತ ಸಂಪರ್ಕ ಕೇಂದ್ರದಲ್ಲಿ ಸಬ್ಸಿಡಿ ಕೇಳಿ. ಕೃಷಿ ಇಲಾಖೆಯ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ರೈತರಿಗೆ ಶೇ 50, ಪರಿಶಿಷ್ಟರಿಗೆ ಶೇ 90ರ ತನಕ ಸಹಾಯಧನ ಸಿಗುವ ಉಪಕರಣಗಳಿವೆ. ಸ್ಪ್ರೇಯರ್ ಯಾಕೆ ಅಂದಿರಾ? ಔಷಧಿ ಹೊಡೆಯುವ ಎಚ್‌ಟಿಪಿ ಪಂಪನ್ನು ನೀರಿನ ಬ್ಯಾರಲ್ ಜೊತೆ ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಇಟ್ಟರೆ ಸಣ್ಣ ಬೆಂಕಿಗೆ ಅದೇ ಅಗ್ನಿಶಾಮಕ ಗಾಡಿ. ಔಷಧಿಯ ಟ್ಯಾಂಕನ್ನು ಮಾತ್ರ ಚೆನ್ನಾಗಿ ತೊಳೆದಿರಬೇಕು.

ಕಾಡಂಚಿನವರು ಅರಣ್ಯ ಇಲಾಖೆಯನ್ನು ಕೇಳುವ ಬಗೆ

ಕಾಡಿನ ಒಳಗೆ ನೀವೇ ಹೋಗಿ ಬೆಂಕಿ ಪಟ್ಟಿಗೆ ಅಂತ ಹುಲ್ಲು ಸುಡುವ ಹಾಗಿಲ್ಲ. ಧಾಮದೊಳಗೆ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಇಲಾಖೆಯವರೇ ಬೇಸಿಗೆಗೆ ಮುಂಚೆ ಬೆಂಕಿ ರೇಖೆ, ಅಂದರೆ ಇಂಥದೇ ಪಟ್ಟಿ, ಮಾಡುತ್ತಾರೆ. ಬೆಂಕಿ ಕಾಯಲು ಹಂಗಾಮಿ ಕಾವಲುಗಾರರನ್ನೂ ತೆಗೆದುಕೊಳ್ಳುತ್ತಾರೆ. ಇದಕ್ಕೆ ಕೇಂದ್ರದ ಕಾಡ್ಗಿಚ್ಚು ತಡೆ ಯೋಜನೆ ಇದೆ. 2017-18ರಿಂದ ನಡೆಯುತ್ತಿರುವ ಈ ಯೋಜನೆಯಲ್ಲಿ ನಮ್ಮಂಥ ರಾಜ್ಯಕ್ಕೆ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ಪರ್ಯಾಯ ಅರಣ್ಯೀಕರಣದ ನಿಧಿಯಿಂದಲೂ ಬೆಂಕಿ ತಡೆಗೆ ಖರ್ಚು ಮಾಡಬಹುದು.

ವಲಯ ಅರಣ್ಯಾಧಿಕಾರಿಯನ್ನು ಡಿಸೆಂಬರ್‌ಗೆ ಮುಂಚೆ ಭೇಟಿಯಾಗಿ. ಎರಡೇ ವಿಷಯ ಕೇಳಿ. ಒಂದು, ಈ ವರ್ಷದ ಬೆಂಕಿ ರೇಖೆ ನಮ್ಮ ತಾಂಡಾ ಪಕ್ಕದಲ್ಲಿ ಹಾದುಹೋಗುವಂತೆ ಮಾಡಿ. ಎರಡು, ಕಾವಲುಗಾರರನ್ನು ನಮ್ಮ ಹುಡುಗರಲ್ಲೇ ಆರಿಸಿ. ಎರಡನೆಯದು ಸಣ್ಣ ಮಾತಲ್ಲ. ಸಂಬಳ ಬರುವುದು ಕಾಡು ಸುಡದಿದ್ದರೆ ಅಂತಾದರೆ ಊರಿನ ಮನಸ್ಸೇ ಬದಲಾಗುತ್ತದೆ. ಗ್ರಾಮ ಅರಣ್ಯ ಸಮಿತಿ ಇದ್ದರೆ ಅದರ ಮೂಲಕ ಕೇಳಿ. ಕಾಗದದ ಮೇಲೆ ಮಾತ್ರ ಇರುವ ಸಮಿತಿಗಳು ಬಹಳ. ನಿಮ್ಮದೂ ಹಾಗಿದ್ದರೆ ಮೊದಲು ಒಂದು ಸಭೆ ಕರೆಯಿಸಿ.

ಖರ್ಚಿಲ್ಲದ ಒಂದು ಕೆಲಸವೂ ಇದೆ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಉಪಗ್ರಹದಿಂದ ಬೆಂಕಿ ಗುರುತಿಸಿ ಮೊಬೈಲ್‌ಗೆ ಎಚ್ಚರಿಕೆ ಕಳಿಸುತ್ತದೆ. ಯಾರು ಬೇಕಾದರೂ ಉಚಿತವಾಗಿ ಹೆಸರು ನೋಂದಾಯಿಸಬಹುದು. ಉಪಗ್ರಹ ಮೇಲೆ ಹಾದುಹೋದಾಗ ಮಾತ್ರ ಅದು ಕಾಣುವುದು. ಆದ್ದರಿಂದ ಅದನ್ನೇ ನಂಬಿ ಮಲಗಬೇಡಿ. ಕಾಡಿನ ಬೆಂಕಿ ಕಂಡರೆ ಅರಣ್ಯ ಸಹಾಯವಾಣಿ 1926.

ದೊಡ್ಡ ಹಣ ಎಲ್ಲಿದೆ

ರಸ್ತೆ ಅಗಲ ಮಾಡುವುದು, ಹೊಸ ಟ್ಯಾಂಕ್ ಕಟ್ಟುವುದು, ಟ್ಯಾಂಕರ್ ಕೊಳ್ಳುವುದು, ಇವು ಪಂಚಾಯಿತಿ ಹಣಕ್ಕೆ ಭಾರ. ಕಲಬುರಗಿ, ಬೀದರ್, ಯಾದಗಿರಿ, ನಮ್ಮ ಈ ಮೂರೂ ಜಿಲ್ಲೆಗೆ ರಾಜ್ಯದ ಬಹುತೇಕ ಜಿಲ್ಲೆಗಳಿಗಿಲ್ಲದ ಒಂದು ಅನುಕೂಲ ಇದೆ. ಸಂವಿಧಾನದ 371(ಜೆ) ವಿಧಿಯಿಂದ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ಕಚೇರಿ ಕಲಬುರಗಿಯಲ್ಲೇ ಇದೆ. ಮಂಡಳಿಯ ಹಣ ಬಹುಮಟ್ಟಿಗೆ ವಿಧಾನಸಭಾ ಕ್ಷೇತ್ರವಾರು ಹಂಚಿಕೆಯಾಗುತ್ತದೆ. ಅಂದರೆ ನಿಮ್ಮ ಶಾಸಕರ ಕ್ರಿಯಾ ಯೋಜನೆಯಲ್ಲಿ ನಿಮ್ಮ ಕೆಲಸ ಬರಬೇಕು. ಮಂಡಳಿ ಕಚೇರಿಗೆ ನೇರ ಅರ್ಜಿ ಕೊಟ್ಟರೂ ತಿರುಗಿ ಅಲ್ಲಿಗೇ ಬರುವ ಸಾಧ್ಯತೆ ಜಾಸ್ತಿ.

ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ಸಂಸದರದ್ದು 5 ಕೋಟಿ. ಕೇಳಲು ದೊಡ್ಡ ಮೊತ್ತ. ಆದರೆ ಸಂಸದರ ಕ್ಷೇತ್ರದ ಹಳ್ಳಿಗಳನ್ನು ಎಣಿಸಿ ನೋಡಿ, ಒಂದು ಊರಿಗೆ ಎಷ್ಟು ಬರುತ್ತದೆ ಅಂತ ತಿಳಿಯುತ್ತದೆ. ಅದಕ್ಕೇ ಅವರ ಬಳಿ ಐದಾರು ಬೇಡಿಕೆ ಇಡಬೇಡಿ. ಒಂದೇ ಇಡಿ, ಶಾಶ್ವತ ಆಸ್ತಿ ಆಗುವಂಥದ್ದು. ಡೀಸೆಲ್, ಕೂಲಿ ಇಂಥ ಖರ್ಚಿಗೆ ಈ ನಿಧಿ ಸಿಗುವುದಿಲ್ಲ.

ಸೇಡಂ, ಚಿತ್ತಾಪುರ, ವಾಡಿ ಸುತ್ತಿನವರಿಗೆ ಸಿಮೆಂಟ್ ಕಾರ್ಖಾನೆಗಳಿವೆ. ಬೀದರ್‌ನವರಿಗೆ ಕೊಳಾರ, ಯಾದಗಿರಿಯವರಿಗೆ ಕಡೇಚೂರು ಕೈಗಾರಿಕಾ ಪ್ರದೇಶ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು. ಸುತ್ತಲಿನ ಊರಿಗೆ ಆದ್ಯತೆ. ಆ ಪಟ್ಟಿಯಲ್ಲಿ ವಿಪತ್ತು ನಿರ್ವಹಣೆಯೂ ಇದೆ. ಟ್ರ್ಯಾಕ್ಟರ್ ಟ್ಯಾಂಕರ್, ಡೀಸೆಲ್ ಪಂಪ್, ಹೋಸ್ ಪೈಪ್ ಇಂಥ ವಸ್ತುಗಳನ್ನು ಕಂಪನಿಯವರು ಖುಷಿಯಿಂದಲೇ ಕೊಡುತ್ತಾರೆ, ಅದರ ಮೇಲೆ ಹೆಸರು ಬರೆಸಬಹುದಲ್ಲ. ಸುಣ್ಣದ ಕಲ್ಲಿನ ಗಣಿ ಇರುವ ಕಡೆ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವೂ ಇದೆ. ಅದು ಜಿಲ್ಲಾಡಳಿತದ ಕೈಯಲ್ಲಿ.

ಕೊನೆಯದಾಗಿ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ. 2005ರ ಕಾಯ್ದೆಯಿಂದ ಬಂದದ್ದು, ಜಿಲ್ಲಾಧಿಕಾರಿಯೇ ಅಧ್ಯಕ್ಷರು. 15ನೇ ಹಣಕಾಸು ಆಯೋಗ ರಾಜ್ಯದ ವಿಪತ್ತು ಹಣವನ್ನು ಎರಡು ಭಾಗ ಮಾಡಿತು. ಶೇ 80 ಆದ ಮೇಲಿನ ಪರಿಹಾರಕ್ಕೆ, ಶೇ 20 ಆಗುವ ಮುಂಚಿನ ತಡೆಗೆ. ಬೆಂಕಿ ಈ ವಿಪತ್ತುಗಳ ಪಟ್ಟಿಯಲ್ಲಿದೆ. ಒಂದೇ ಊರು ಕೇಳಿದರೆ ಇಲ್ಲಿ ಯಾರೂ ಕಿವಿಗೊಡುವುದಿಲ್ಲ. ನಾಲ್ಕೈದು ಪಂಚಾಯಿತಿಗಳು ಸೇರಿ ಒಂದೇ ಠರಾವು ಮಾಡಿ ಕೊಟ್ಟರೆ ಜಿಲ್ಲೆಯ ಯೋಜನೆಯಲ್ಲಿ ನಿಮ್ಮ ಊರುಗಳ ಹೆಸರು ಸೇರಬಹುದು. ಹಣ ತಡವಾದರೂ ಹೆಸರು ಸೇರುವುದು ಮುಖ್ಯ, ಮುಂದಿನ ಎಲ್ಲ ಅರ್ಜಿಗೂ ಅದು ಆಧಾರ.

ಗ್ರಾಮ ಸಭೆಯಲ್ಲಿ ಠರಾವು ಮಾಡಿಸುವುದು

ಎಲ್ಲದರ ಬೇರು ಇದು. ಸಭೆಯಲ್ಲಿ ಎದ್ದು ನಿಂತು ಭಾಷಣ ಮಾಡಬೇಡಿ. ಬರೆದ ಕಾಗದ ಓದಿ, ಅದೇ ಮಾತು ಅದೇ ಸಾಲಿನಲ್ಲಿ ನಡಾವಳಿ ಪುಸ್ತಕಕ್ಕೆ ಬರಲಿ. ಒಂದು ಮಾದರಿ ಇಲ್ಲಿದೆ, ನಿಮ್ಮ ಊರಿಗೆ ಹೊಂದಿಸಿಕೊಳ್ಳಿ:

"ನಮ್ಮ ಗ್ರಾಮದ ___ನೇ ವಾರ್ಡಿನಲ್ಲಿ ಮನೆಗಳಿಗೆ ಹೊಂದಿಕೊಂಡು ___ ಮೇವಿನ ಬಣವೆಗಳಿವೆ. ಹಿಂದೆ ___ ವರ್ಷ ಇಲ್ಲಿ ಬೆಂಕಿ ಬಿದ್ದು ನಷ್ಟವಾಗಿದೆ. ಅಗ್ನಿಶಾಮಕ ಠಾಣೆ ___ ಕಿಲೋಮೀಟರ್ ದೂರದಲ್ಲಿದೆ. ಆದ್ದರಿಂದ ಮುಂದಿನ ಸಾಲಿನ ಯೋಜನೆಯಲ್ಲಿ ಈ ಕೆಳಗಿನ ಕಾಮಗಾರಿಗಳನ್ನು ಸೇರಿಸಲು ಗ್ರಾಮ ಸಭೆ ಸರ್ವಾನುಮತದಿಂದ ತೀರ್ಮಾನಿಸಿದೆ: (1) ಓವರ್‌ಹೆಡ್ ಟ್ಯಾಂಕಿಗೆ ತುರ್ತು ನೀರು ವಾಲ್ವ್, (2) ಕಸ ವಿಲೇವಾರಿ ಜಾಗದ ಸ್ಥಳಾಂತರ ಮತ್ತು ಬೇಲಿ, (3) ಊರಿನ ಪಶ್ಚಿಮ ಅಂಚಿಗೆ ಕಂದಕ. ಬೆಂಕಿಯ ನಕ್ಷೆ, ಅಗ್ನಿಶಾಮಕ ಠಾಣಾಧಿಕಾರಿಯ ಪತ್ರ, ಫೋಟೊ ಲಗತ್ತಿಸಿದೆ."

ಸರ್ವಾನುಮತ ಅನ್ನೋ ಪದ ಸುಮ್ನೆ ಬರುವುದಿಲ್ಲ. ಬಣವೆ ಸರಿಸಬೇಕಾದವರು ಸಭೆಯಲ್ಲಿ ಎದ್ದು "ನಮ್ಮ ಮೇವು ಊರ ಹೊರಗಿಟ್ಟರೆ ಕಳ್ಳರು ಒಯ್ಯುತ್ತಾರೆ" ಅಂತಾರೆ. ಅವರ ಮಾತೂ ಸರಿಯೇ. ಸಭೆಗೆ ಮುಂಚೆ ಅವರ ಮನೆಗೆ ಹೋಗಿ ಮಾತಾಡಿ. ಊರ ಹೊರಗೆ ಬಣವೆಗೆ ಒಂದು ಸಾಮೂಹಿಕ ಜಾಗ ಗುರುತಿಸಿ, ಅಲ್ಲಿಗೆ ಬೇಲಿ ಮತ್ತು ಒಂದು ದೀಪ ಸೇರಿಸಿದರೆ ಒಪ್ಪುವವರು ಜಾಸ್ತಿ. ಒಂದು ಬಣವೆಗೂ ಇನ್ನೊಂದಕ್ಕೂ ನಡುವೆ ಟ್ರ್ಯಾಕ್ಟರ್ ತಿರುಗುವಷ್ಟು ಜಾಗ ಇರಲಿ. ಮೇಲೆ ಕರೆಂಟ್ ತಂತಿ ಇರಬಾರದು.

ಅಂದಾಜು ಪತ್ರಿಕೆ ಮಾಡುವವರು ಪಂಚಾಯತ್ ರಾಜ್ ಎಂಜಿನಿಯರ್. ಅವರನ್ನು ಊರಿಗೆ ಕರೆದು ಜಾಗ ತೋರಿಸಿ. ಆಫೀಸಿನಲ್ಲಿ ಕುಳಿತು ಮಾಡಿದ ಅಂದಾಜಿನಲ್ಲಿ ವಾಲ್ವ್ ತಪ್ಪು ಬದಿಗೆ ಬರುತ್ತದೆ, ಗಾಡಿ ನಿಲ್ಲಲು ಜಾಗವೇ ಇರುವುದಿಲ್ಲ.

ಊರ ವಂತಿಗೆ

ಎಷ್ಟೇ ಸರ್ಕಾರಿ ಹಣ ತಂದರೂ ಒಂದು ಕಡೆ ಅದು ನಿಂತುಬಿಡುತ್ತದೆ: ದಿನನಿತ್ಯದ ಖರ್ಚು. ಟ್ಯಾಂಕರ್ ಬಂತು, ಡೀಸೆಲ್ ಯಾರು ಹಾಕಬೇಕು? ಪೈಪ್ ಹರಿದರೆ? ಏಪ್ರಿಲ್ ಮಧ್ಯಾಹ್ನ 42 ಡಿಗ್ರಿ ಬಿಸಿಲಲ್ಲಿ ಕಾಯುವ ಹುಡುಗರಿಗೆ ಏನು ಕೊಡಬೇಕು?

ಪಂಚಾಯಿತಿಯ ಸ್ವಂತ ನಿಧಿಯಿಂದ, ಅಂದರೆ ಮನೆ ತೆರಿಗೆ, ಮಳಿಗೆ ಬಾಡಿಗೆ, ಮೊಬೈಲ್ ಟವರ್ ಶುಲ್ಕ ಇತ್ಯಾದಿಯಿಂದ, ಸಣ್ಣ ಮೊತ್ತ ತೆಗೆದಿಡಲು ಕೇಳಿ. ಊರವರು ತೆರಿಗೆ ಕಟ್ಟಿರದಿದ್ದರೆ ಈ ನಿಧಿ ಖಾಲಿ. ಹಣ ಕೇಳಲು ಹೋಗುವವರು ಮೊದಲು ತಮ್ಮ ಮನೆಯ ತೆರಿಗೆ ರಸೀದಿ ಜೇಬಿನಲ್ಲಿ ಇಟ್ಟುಕೊಂಡು ಹೋದರೆ ಮಾತಿಗೆ ತೂಕ.

ಉಳಿದದ್ದಕ್ಕೆ ಪಟ್ಟಿ. ಕಾಡ್ಗಿಚ್ಚಿಗೆ ಹೆಸರಾದ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮರಿನ್ ಅನ್ನೋ ಕೌಂಟಿ ಇದೆ. ಅಲ್ಲಿನ ಜನ 2020ರಲ್ಲಿ ಮತ ಹಾಕಿ ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡರು. ಕಟ್ಟಡದ ಒಂದು ಚದರ ಅಡಿಗೆ 10 ಸೆಂಟ್, 10 ವರ್ಷಕ್ಕೆ. ಎಲ್ಲ ಬೆಂಕಿ ತಡೆಗೆ. ನಮಗೆ ಅಷ್ಟು ದೂರ ನೋಡಬೇಕಿಲ್ಲ. ಜಾತ್ರೆಗೆ, ಗುಡಿ ಕಳಸಕ್ಕೆ, ಉರುಸಿಗೆ ಪಟ್ಟಿ ಎತ್ತುವುದು ನಮ್ಮೂರುಗಳಿಗೆ ಚೆನ್ನಾಗಿ ಗೊತ್ತು. ಅದೇ ಹಿರಿಯರು, ಅದೇ ಪುಸ್ತಕ. 300 ಮನೆಯ ಊರಿನಲ್ಲಿ ಮನೆಗೆ 100 ರೂಪಾಯಿ ಅಂದರೆ 30 ಸಾವಿರ. ಒಂದು ಬೇಸಿಗೆಯ ಡೀಸೆಲ್, ಪೈಪು, ಬೆಂಕಿ ಬಡಿಯುವ ಸಾಮಾನಿಗೆ ಒಳ್ಳೆಯ ಶುರುವಾತು. ಬಣವೆ ಹಾಕುವವರು ಸ್ವಲ್ಪ ಜಾಸ್ತಿ ಕೊಡಲಿ, ಗುಡಿಸಲಲ್ಲಿ ಇರುವವರಿಂದ ಕೇಳಲೇಬೇಡಿ. ರಾಶಿ ಮುಗಿದ ಮೇಲೆ, ತೊಗರಿ ಮಾರಿದ ಜನವರಿಯಲ್ಲಿ ಎತ್ತುವುದು ಸೂಕ್ತ. ಜೂನ್‌ನಲ್ಲಿ ಬೀಜ, ಗೊಬ್ಬರಕ್ಕೇ ಹಣ ಇರುವುದಿಲ್ಲ.

ಈ ಹಣ ಯಾರ ಜೇಬಿನಲ್ಲೂ ಇರಬಾರದು. ಹೆಣ್ಣುಮಕ್ಕಳ ಸ್ವಸಹಾಯ ಸಂಘದ ಜೊತೆ ಮಾತಾಡಿ ಬೇರೆಯೇ ಒಂದು ಖಾತೆ ತೆರೆಯಿಸಿ, ಇಬ್ಬರ ಸಹಿ. ಲೆಕ್ಕವನ್ನು ಪಂಚಾಯಿತಿ ಗೋಡೆಗೆ ಅಂಟಿಸಿ. ವಂತಿಗೆ ಎತ್ತಿದ ಪುಸ್ತಕದ ನಕಲನ್ನು ಶಾಸಕರಿಗೆ, ಕಂಪನಿಗೆ ಕೊಡುವ ಅರ್ಜಿಗೂ ಲಗತ್ತಿಸಿ. ಊರೇ ಕೈ ಹಾಕಿದೆ ಅಂತ ಕಂಡರೆ ಹೊರಗಿನವರ ಕೈ ಬೇಗ ಬಿಚ್ಚುತ್ತದೆ.

ಅರ್ಜಿ ಎಲ್ಲೋ ಸಿಕ್ಕಿಕೊಂಡರೆ

ಸಿಕ್ಕಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಹೋಗಿ ಕಡತ ಯಾವ ಮೇಜಿನ ಮೇಲಿದೆ ಅಂತ ಕೇಳಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ: ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ, 30 ದಿನದಲ್ಲಿ ಉತ್ತರ ಕೊಡಬೇಕು. ಜಗಳದ ಭಾಷೆ ಬೇಡ. "ಇಂಥ ದಿನದ ಗ್ರಾಮ ಸಭೆಯ ಠರಾವಿನ ಮೇಲೆ ತೆಗೆದುಕೊಂಡ ಕ್ರಮದ ದಾಖಲೆ ಕೊಡಿ" ಅಂದರೆ ಸಾಕು. ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಯಲ್ಲೂ ಕೇಳಿ. ಖರ್ಚಿನ ಪುಸ್ತಕಗಳನ್ನು ಅಲ್ಲಿ ಊರ ಮುಂದೆ ತೆರೆದು ತೋರಿಸಬೇಕು.

ಬೆಂಕಿ ಬಿದ್ದೇಬಿಟ್ಟರೆ, ಕಾಗದ ಮರೆಯಬೇಡಿ

ಮೊದಲು 112 ಅಥವಾ 101. ಜೀವ ಉಳಿದ ಮೇಲೆ ಕಾಗದ. ಉಳಿದವರು ಬೆಂಕಿ ಆರಿಸುತ್ತಿರುವಾಗಲೇ ಒಬ್ಬರು ಫೋಟೊ ತೆಗೆಯಲಿ. ಅಗ್ನಿಶಾಮಕ ಠಾಣೆಯ ವರದಿ, ಗ್ರಾಮ ಆಡಳಿತಾಧಿಕಾರಿಯ ಪಂಚನಾಮೆ, ಜಾನುವಾರು ಸತ್ತಿದ್ದರೆ ಪಶುವೈದ್ಯರ ಪತ್ರ ಬೇಕು. ಆಕಸ್ಮಿಕ ಬೆಂಕಿಯಿಂದ ಬಣವೆ ಸುಟ್ಟರೆ ಕೃಷಿ ಇಲಾಖೆಯಿಂದ 20 ಸಾವಿರ ರೂಪಾಯಿ ತನಕ ಪರಿಹಾರ ಕೊಡುವ ಯೋಜನೆ ಇದೆ. ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ ಕೊಡಿ. ಎಷ್ಟೋ ರೈತರು ಇದು ಗೊತ್ತಿಲ್ಲದೆ ಬಿಟ್ಟುಬಿಡುತ್ತಾರೆ. ಮನೆ, ಜಾನುವಾರು ನಷ್ಟಕ್ಕೆ ತಹಶೀಲ್ದಾರ್ ಕಚೇರಿ.

ಸಣ್ಣ ಬೆಂಕಿ, ಊರವರೇ ಆರಿಸಿದ್ದು, ಪರಿಹಾರ ಕೇಳುವಷ್ಟು ನಷ್ಟ ಇಲ್ಲದ್ದು, ಅದನ್ನೂ ಪಂಚಾಯಿತಿಗೆ ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ದಿನ, ಹೊತ್ತು, ಜಾಗ, ಕಾರಣ ನಾಲ್ಕೇ ಸಾಲು. ಮುಂದಿನ ಅಕ್ಟೋಬರ್‌ನಲ್ಲಿ "ಹಿಂದೆ ___ ವರ್ಷ ಇಲ್ಲಿ ಬೆಂಕಿ ಬಿದ್ದಿದೆ" ಅನ್ನೋ ಖಾಲಿ ಜಾಗ ತುಂಬುವಾಗ ಕೈಯಲ್ಲಿ ದಾಖಲೆ ಇರುತ್ತದೆ.